ನ್ಯಾಯಮೂರ್ತಿಗಳನ್ನು ಕೇಳುವವರು ಯಾರು?

ಇಂದಿನ ವಿಷಯವನ್ನು ಒಂದು ಲೆಕ್ಕದಿಂದ ಆರಂಭಿಸುವುದು ಸೂಕ್ತ. 1993ರ ಮೇ 11ರಂದು ಲೋಕಸಭೆಯಲ್ಲಿ ಒಂದು ಗೊತ್ತುವಳಿಯನ್ನು ಮತಕ್ಕೆ ಹಾಕಲಾಯಿತು. ಪರವಾಗಿ ಬಿದ್ದ ಮತಗಳು 196. ವಿರುದ್ಧವಾಗಿ ಬಿದ್ದದ್ದು ಸೊನ್ನೆ. ಯಾವ ಊರಿನ ಸಹಕಾರ ಸಂಘದಲ್ಲಾದರೂ ಇಂಥ ಗೊತ್ತುವಳಿ ಅವಿರೋಧವಾಗಿ ಅಂಗೀಕಾರವಾಯಿತು ಎಂದು ಬರೆದುಕೊಳ್ಳುತ್ತಾರೆ. ಆದರೆ ಲೋಕಸಭೆಯಲ್ಲಿ ಅದು ಬಿದ್ದುಹೋಯಿತು. ಸದನದಲ್ಲಿ ಹಾಜರಿದ್ದ ಇನ್ನೂ 205 ಸದಸ್ಯರು ಪರವೂ ಇಲ್ಲ, ವಿರುದ್ಧವೂ ಇಲ್ಲ ಎಂದು ತಟಸ್ಥರಾಗಿ ಉಳಿದರು.

ಆ ಗೊತ್ತುವಳಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ಪದಚ್ಯುತಗೊಳಿಸಬೇಕು ಎಂಬುದಾಗಿತ್ತು. ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಒಬ್ಬ ನ್ಯಾಯಮೂರ್ತಿಯ ವಾಗ್ದಂಡನೆಯ ಪ್ರಸ್ತಾಪ ಮತದಾನದವರೆಗೆ ಬಂದದ್ದು ಅದೇ ಮೊದಲು. ಅವರು ತಪ್ಪು ಮಾಡಿಲ್ಲ ಎಂದು ಮತದ ಮೂಲಕ ಹೇಳಲು ಒಬ್ಬ ಸದಸ್ಯನೂ ಮುಂದೆ ಬರಲಿಲ್ಲ. ಆದರೂ ಅವರ ಸ್ಥಾನ ಅಲುಗಲಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತ ಹೋದರೆ ನಮ್ಮ ಪ್ರಜಾಪ್ರಭುತ್ವದ ಒಂದು ಇಕ್ಕಟ್ಟಿನ ಮುಂದೆ ಬಂದು ನಿಲ್ಲುತ್ತೇವೆ.

ಮೊದಲು ಕೆಳಗಿನಿಂದ ನೋಡೋಣ. ಪಹಣಿಯ ತಿದ್ದುಪಡಿಗೆ ಗ್ರಾಮಲೆಕ್ಕಿಗ ಐನೂರು ರೂಪಾಯಿ ಕೇಳಿದರೆ ಲೋಕಾಯುಕ್ತ ಪೊಲೀಸರು ಬಲೆ ಬೀಸುತ್ತಾರೆ. ಆತ ಅಮಾನತಾಗುತ್ತಾನೆ, ಇಲಾಖಾ ವಿಚಾರಣೆ ನಡೆಯುತ್ತದೆ, ಬಡ್ತಿ ನಿಲ್ಲುತ್ತದೆ. ತಾಲ್ಲೂಕು ಕೋರ್ಟಿನ ನ್ಯಾಯಾಧೀಶರ ಮೇಲೆ ದೂರು ಬಂದರೆ, ಸಂವಿಧಾನದ 235ನೇ ವಿಧಿಯ ಪ್ರಕಾರ ಅವರ ಮೇಲೆ ಹೈಕೋರ್ಟಿನ ಹತೋಟಿ ಇದೆ. ಹೈಕೋರ್ಟು ವಿಚಾರಣೆ ನಡೆಸಬಹುದು, ಎಚ್ಚರಿಕೆ ಕೊಡಬಹುದು, ವೇತನ ಬಡ್ತಿ ತಡೆಯಬಹುದು, ಕಡ್ಡಾಯ ನಿವೃತ್ತಿಗೆ ಶಿಫಾರಸು ಮಾಡಬಹುದು. ಆದರೆ ಅದೇ ಮೆಟ್ಟಿಲನ್ನು ಇನ್ನೊಂದು ಹಂತ ಹತ್ತಿ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಬಂದರೆ ಈ ಯಾವ ದಾರಿಯೂ ಇಲ್ಲ. ಅಮಾನತು ಇಲ್ಲ, ಬಡ್ತಿ ತಡೆ ಇಲ್ಲ, ದಂಡವಿಲ್ಲ. ಸಂಸತ್ತಿನ ಎರಡೂ ಸದನಗಳು ಸೇರಿ ಮಾಡುವ ಪದಚ್ಯುತಿ ಒಂದೇ ಇರುವ ಶಿಕ್ಷೆ. ಅಷ್ಟು ದೊಡ್ಡದಲ್ಲದ ತಪ್ಪಿಗೆ ಸಂವಿಧಾನದಲ್ಲಿ ಶಿಕ್ಷೆಯೇ ಇಲ್ಲ.

ಹೀಗೇಕೆ ಮಾಡಿದರು? ಮರೆತು ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು. ಅದರ ಮೂಲ ಇಂಗ್ಲೆಂಡಿನಲ್ಲಿದೆ.

ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ನ್ಯಾಯಾಧೀಶ ಎಂದರೆ ರಾಜನ ನೌಕರ. ರಾಜನಿಗೆ ಇಷ್ಟವಿರುವವರೆಗೆ ಪೀಠ, ಮುನಿಸು ಬಂದರೆ ಮನೆ. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್ ರಾಜನೂ ಕಾನೂನಿಗೆ ಒಳಪಟ್ಟವನು ಎಂಬ ನಿಲುವು ಬಿಡದೆ ಒಂದನೇ ಜೇಮ್ಸ್‌ನ ಕೋಪಕ್ಕೆ ಗುರಿಯಾಗಿ 1616ರಲ್ಲಿ ಹುದ್ದೆ ಕಳೆದುಕೊಂಡ. ಅದಾದ ಐದೇ ವರ್ಷಕ್ಕೆ, 1621ರಲ್ಲಿ, ತತ್ತ್ವಜ್ಞಾನಿಯೆಂದು ಲೋಕವೇ ಬಲ್ಲ ಫ್ರಾನ್ಸಿಸ್ ಬೇಕನ್ ಲಾರ್ಡ್ ಚಾನ್ಸಲರ್ ಆಗಿದ್ದಾಗ ಕಕ್ಷಿದಾರರಿಂದ ಹಣ, ಉಡುಗೊರೆ ಪಡೆದದ್ದನ್ನು ಒಪ್ಪಿಕೊಂಡ. 40,000 ಪೌಂಡ್ ದಂಡ, ಲಂಡನ್ ಗೋಪುರದಲ್ಲಿ ಕೆಲವು ದಿನಗಳ ಸೆರೆವಾಸ. ಕಾಣಿಕೆ ಪಡೆದರೂ ಅದರಿಂದ ತೀರ್ಪು ಬದಲಾಗಲಿಲ್ಲ ಎಂಬುದು ಅವನ ಸಮಜಾಯಿಷಿ. ಇದರಲ್ಲಿ ಸುಳ್ಳೂ ಇರಲಿಲ್ಲ. ದೂರು ಕೊಟ್ಟವರಲ್ಲಿ ಹಣ ಕೊಟ್ಟೂ ಮೊಕದ್ದಮೆ ಸೋತವರೇ ಮುಂಚೂಣಿಯಲ್ಲಿದ್ದರು!

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಒಬ್ಬ ನೆಟ್ಟಗಿದ್ದದ್ದಕ್ಕೆ ಹೋದ, ಇನ್ನೊಬ್ಬ ಬಾಗಿದ್ದಕ್ಕೆ ಹೋದ. ನೆಟ್ಟಗಿದ್ದವನನ್ನು ಉಳಿಸಿ ಬಾಗಿದವನನ್ನು ಮಾತ್ರ ಕಳಿಸುವ ಕಾನೂನು ಹೇಗಿರಬೇಕು? ಇಂಗ್ಲಿಷರು 1701ರ ಉತ್ತರಾಧಿಕಾರ ಕಾಯ್ದೆಯಲ್ಲಿ ಉತ್ತರ ಕಂಡುಕೊಂಡರು. ಸದ್ವರ್ತನೆ ಇರುವವರೆಗೆ ನ್ಯಾಯಾಧೀಶ ಪೀಠದಲ್ಲಿರುತ್ತಾನೆ, ಸಂಸತ್ತಿನ ಎರಡೂ ಸದನಗಳು ಕೋರಿದರೆ ಮಾತ್ರ ಅವನನ್ನು ತೆಗೆಯಬಹುದು. ಈ ಬಾಗಿಲು ಎಷ್ಟು ಕಿರಿದು ಎಂದರೆ, ಅದರಲ್ಲಿ ಹೊರಹೋದವನು ಒಬ್ಬನೇ. ಕೋರ್ಟಿನ ಹಣ ನುಂಗಿದ ಐರ್ಲೆಂಡಿನ ನ್ಯಾಯಾಧೀಶ ಸರ್ ಜೋನಾ ಬ್ಯಾರಿಂಗ್ಟನ್, 1830ರಲ್ಲಿ.

ನಮ್ಮಲ್ಲಿ ಸಂವಿಧಾನ ಜಾರಿಗೆ ಬರುವ ಮೊದಲು ಒಂದು ಪ್ರಕರಣ ನಡೆದಿದೆ; ಅದು ಹೆಚ್ಚು ಜನರಿಗೆ ಗೊತ್ತಿಲ್ಲ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಎಸ್.ಪಿ. ಸಿನ್ಹಾ ಅವರನ್ನು 1935ರ ಭಾರತ ಸರ್ಕಾರ ಕಾಯ್ದೆಯಡಿ, ಫೆಡರಲ್ ಕೋರ್ಟಿನ ವರದಿಯ ಮೇಲೆ, 1949ರಲ್ಲಿ ಗವರ್ನರ್ ಜನರಲ್ ತೆಗೆದುಹಾಕಿದರು. ಆ ಪದ್ಧತಿಯಲ್ಲಿ ಸಂಸತ್ತಿನ ಪಾತ್ರವಿರಲಿಲ್ಲ. ಅತ್ಯುನ್ನತ ನ್ಯಾಯಾಲಯ ಪರಿಶೀಲಿಸಿ ವರದಿ ಕೊಟ್ಟರೆ ಸಾಕಿತ್ತು.

ಅದೇ 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆ ಸುಪ್ರೀಂ ಕೋರ್ಟಿನ ಬಗ್ಗೆ ಚರ್ಚಿಸಿತು. ನ್ಯಾಯಮೂರ್ತಿಗಳ ನೇಮಕಕ್ಕೆ ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಕಡ್ಡಾಯವಾಗಲಿ ಎಂದು ಕೆಲವರು ಸೂಚಿಸಿದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ಎಲ್ಲರ ಹಾಗೆ ದೌರ್ಬಲ್ಯಗಳಿರುವ ಮನುಷ್ಯನೇ ಎಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಮನುಷ್ಯರೇ ಎಂದು ಒಪ್ಪಿಕೊಂಡ ಮೇಲೆಯೂ ಸಭೆ ತೆಗೆದುಹಾಕುವ ವಿಧಾನವನ್ನು ಮಾತ್ರ ಕಠಿಣವಾಗಿಯೇ ಇಟ್ಟಿತು. 124ನೇ ವಿಧಿಯ ಪ್ರಕಾರ ‘ಸಾಬೀತಾದ ದುರ್ವರ್ತನೆ’ ಅಥವಾ ಅಸಾಮರ್ಥ್ಯ ಮಾತ್ರ ಪದಚ್ಯುತಿಗೆ ಕಾರಣ. ಪ್ರತಿ ಸದನದಲ್ಲೂ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೀಳಬೇಕು. ಅದರ ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗದ ಬೆಂಬಲವೂ ಇರಬೇಕು. ಅಷ್ಟೇ ಅಲ್ಲ, ಪದಚ್ಯುತಿಯ ಗೊತ್ತುವಳಿ ಇಲ್ಲದೆ ಸಂಸತ್ತಿನಲ್ಲಿ ಉಚ್ಚ ನ್ಯಾಯಾಲಯಗಳ ನ್ಯಾಯಮೂರ್ತಿಗಳ ನಡತೆಯ ಬಗ್ಗೆ ಚರ್ಚೆ ಮಾಡುವಂತಿಲ್ಲ ಎಂದು 121ನೇ ವಿಧಿ ಬಾಯಿ ಕಟ್ಟಿತು.

ಈ ಗೋಡೆ ಅನಾವಶ್ಯಕ ಎನ್ನುವವರು 1973ನ್ನು ನೆನೆಯಬೇಕು. ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂದ ಬೆನ್ನಿಗೇ, ಆ ವರ್ಷದ ಏಪ್ರಿಲ್‌ನಲ್ಲಿ, ಇಂದಿರಾ ಗಾಂಧಿ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಲ್ಪಟ್ಟವರಲ್ಲಿ ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಬಡ್ತಿ ತಪ್ಪಿಸುವ ಅಧಿಕಾರವನ್ನೇ ಹೀಗೆ ಬಳಸಿದ ಸರ್ಕಾರದ ಕೈಯಲ್ಲಿ ತೆಗೆದುಹಾಕುವ ಅಧಿಕಾರವೂ ಸುಲಭವಾಗಿ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಗೋಡೆ ಬೇಕು. ಗೋಡೆಗೆ ಇರುವ ಒಂದೇ ಬಾಗಿಲು ಇಪ್ಪತ್ತು ವರ್ಷಗಳ ನಂತರ ಹೇಗೆ ಕೆಲಸ ಮಾಡಿತು ಎಂಬುದು ರಾಮಸ್ವಾಮಿ ಪ್ರಕರಣದಲ್ಲಿ ಕಂಡಿತು.

ರಾಮಸ್ವಾಮಿ ಅವರು 1987ರಿಂದ 1989ರವರೆಗೆ ಚಂಡೀಗಢದಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದರು. 1989ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಅವರು ದೆಹಲಿಗೆ ಹೋದ ಮೇಲೆ ಚಂಡೀಗಢದ ಲೆಕ್ಕಪರಿಶೋಧನೆಯಲ್ಲಿ ಒಂದೊಂದೇ ಸಂಗತಿ ಹೊರಬಿತ್ತು. ಸರ್ಕಾರಿ ನಿವಾಸಕ್ಕೆ ಮಿತಿ ಮೀರಿ ಖರೀದಿಸಿದ ಪೀಠೋಪಕರಣ, ರತ್ನಗಂಬಳಿ. ಕೋರ್ಟಿಗೆಂದು ಕೊಂಡ ಬೆಳ್ಳಿಯ ದಂಡಗಳು. ಮನೆಯ ದೂರವಾಣಿಯ ಭಾರಿ ಬಿಲ್ಲುಗಳು. ಇವು ಕೋಟಿಗಟ್ಟಲೆಯ ಹಗರಣದ ವಸ್ತುಗಳಲ್ಲ. ಆದರೆ ಸಾರ್ವಜನಿಕರ ಹಣದ ಲೆಕ್ಕ ಕೇಳುವ ಪೀಠದಲ್ಲಿ ಕುಳಿತವರ ಲೆಕ್ಕವೇ ತಾಳೆಯಾಗದಿದ್ದರೆ ಅದು ಸಣ್ಣ ವಿಷಯವಾಗುವುದಿಲ್ಲ.

ಸುದ್ದಿ ಪತ್ರಿಕೆಗಳಲ್ಲಿ ಬಂತು. ವಕೀಲರು ದನಿ ಎತ್ತಿದರು. ಅಂದಿನ ಮುಖ್ಯ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿ 1990ರ ಜುಲೈನಲ್ಲಿ ತುಂಬಿದ ನ್ಯಾಯಾಲಯದಲ್ಲಿ ಒಂದು ಹೇಳಿಕೆ ಓದಿ, ಆರೋಪಗಳು ಇತ್ಯರ್ಥವಾಗುವವರೆಗೆ ನ್ಯಾಯಿಕ ಕೆಲಸದಿಂದ ದೂರವಿರಬೇಕೆಂದು ತಮ್ಮ ಸಹೋದ್ಯೋಗಿಗೆ ಸಲಹೆ ಮಾಡಿರುವುದಾಗಿ ತಿಳಿಸಿದರು. ಸಲಹೆ ಎಂಬ ಪದವನ್ನು ಗಮನಿಸಬೇಕು. ಆಜ್ಞೆ ಮಾಡುವ ಅಧಿಕಾರ ದೇಶದ ಮುಖ್ಯ ನ್ಯಾಯಮೂರ್ತಿಗೂ ಇರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಮುಖರ್ಜಿ ತೀರಿಕೊಂಡರು.

ಮುಂದಿನದು ಸಂಸತ್ತಿನ ಪಾಲು. 1968ರ ನ್ಯಾಯಾಧೀಶರ ವಿಚಾರಣಾ ಕಾಯ್ದೆಯ ಪ್ರಕಾರ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರು ಸಹಿ ಮಾಡಿದ ಸೂಚನೆ ಬೇಕು. ಅದನ್ನು ಸ್ವೀಕರಿಸುವುದೂ ತಳ್ಳಿಹಾಕುವುದೂ ಸಭಾಧ್ಯಕ್ಷರಿಗೆ ಬಿಟ್ಟದ್ದು. ಸ್ವೀಕರಿಸಿದರೆ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿ, ಒಬ್ಬ ಹೈಕೋರ್ಟು ಮುಖ್ಯ ನ್ಯಾಯಮೂರ್ತಿ, ಒಬ್ಬ ಕಾನೂನು ತಜ್ಞ, ಹೀಗೆ ಮೂವರ ಸಮಿತಿ ತನಿಖೆ ನಡೆಸುತ್ತದೆ. ಸಮಿತಿ ತಪ್ಪಿತಸ್ಥರೆಂದರೆ ಮಾತ್ರ ಸದನದಲ್ಲಿ ಚರ್ಚೆ. 108 ಸದಸ್ಯರ ಸಹಿಯಿದ್ದ ಸೂಚನೆಯನ್ನು ಸ್ಪೀಕರ್ ರವಿ ರಾಯ್ 1991ರ ಮಾರ್ಚ್ 12ರಂದು ಸ್ವೀಕರಿಸಿ ಸಮಿತಿ ರಚಿಸಿದರು. ಮರುದಿನ ಲೋಕಸಭೆಯೇ ವಿಸರ್ಜನೆಯಾಯಿತು!

ಸದನ ಹೋದ ಮೇಲೆ ಸೂಚನೆಯೂ ಹೋಯಿತು ಎಂದು ಕೇಂದ್ರ ಸರ್ಕಾರ ವಾದಿಸಿತು. ಇದನ್ನು ತೀರ್ಮಾನಿಸಲು ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಸೂಚನೆ ಸಾಯುವುದಿಲ್ಲ ಎಂದು ಸಂವಿಧಾನ ಪೀಠ 1991ರ ಅಕ್ಟೋಬರ್‌ನಲ್ಲಿ ಹೇಳಿತು. ನ್ಯಾಯಮೂರ್ತಿ ಪಿ.ಬಿ. ಸಾವಂತ್, ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಡಿ. ದೇಸಾಯಿ ಮತ್ತು ನಿವೃತ್ತ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಸಮಿತಿ 14 ಆರೋಪಗಳಲ್ಲಿ 11 ರುಜುವಾತಾಗಿವೆ ಎಂದು 1992ರಲ್ಲಿ ವರದಿ ಕೊಟ್ಟಿತು.

ಕೊನೆಗೂ 1993ರ ಮೇ 10ರಂದು ಚರ್ಚೆ ಆರಂಭವಾಯಿತು. ಸೋಮನಾಥ ಚಟರ್ಜಿ ಗೊತ್ತುವಳಿ ಮಂಡಿಸಿದರು. ನ್ಯಾಯಮೂರ್ತಿಗಳ ಪರವಾಗಿ ವಕೀಲ ಕಪಿಲ್ ಸಿಬಲ್ ಸದನದ ಅಂಚಿನಲ್ಲಿ, ಸದಸ್ಯರಲ್ಲದವರಿಗೆಂದು ಇರುವ ಜಾಗದಲ್ಲಿ ನಿಂತು ಸುಮಾರು ಆರು ಗಂಟೆ ವಾದಿಸಿದರು. ಖರೀದಿಗಳನ್ನು ನಡೆಸಿದ್ದು ಕೋರ್ಟಿನ ಸಿಬ್ಬಂದಿ, ನ್ಯಾಯಮೂರ್ತಿಗಳು ಯಾರಿಂದಲೂ ಲಂಚ ಪಡೆದಿಲ್ಲ, ದುಂದುವೆಚ್ಚವನ್ನು ಪದಚ್ಯುತಿಗೆ ಯೋಗ್ಯವಾದ ದುರ್ವರ್ತನೆ ಎನ್ನಲಾಗದು ಎಂಬುದು ವಾದದ ತಿರುಳು. ದಕ್ಷಿಣದವರೊಬ್ಬರನ್ನು ಉತ್ತರದವರು ಬೇಟೆಯಾಡುತ್ತಿದ್ದಾರೆ ಎಂಬ ದನಿಯೂ ಹೊರಗೆ ಎದ್ದಿತ್ತು. ಮರುದಿನ ಮತದಾನ. ಆಗ ಆಡಳಿತದಲ್ಲಿದ್ದ ಕಾಂಗ್ರೆಸ್ ಮತ್ತು ಅದರ ಮಿತ್ರರು ತಟಸ್ಥರಾದರು. ಹಾಕಿದ ಮತಗಳೆಲ್ಲ ಒಂದೇ ಕಡೆ ಬಿದ್ದರೂ ಒಟ್ಟು ಸದಸ್ಯಬಲದ ಅರ್ಧವನ್ನು, ಅಂದರೆ 270ರ ಆಸುಪಾಸಿನ ಅಂಕಿಯನ್ನು, 196 ಮುಟ್ಟಲಿಲ್ಲ.

ಸಾಕ್ಷ್ಯ ಪರಿಶೀಲಿಸಿದ ಮೂವರು ನ್ಯಾಯವೇತ್ತರು ತಪ್ಪಾಗಿದೆ ಎಂದರು. ಸಾಕ್ಷ್ಯವನ್ನು ತೂಗಿ ಅದು ಸುಳ್ಳು ಎಂದು ಸದನ ಹೇಳಲಿಲ್ಲ. ಮತವನ್ನೇ ಹಾಕದೆ ಕುಳಿತಿತು. ರಾಜನ ಮುನಿಸಿನಿಂದ ನ್ಯಾಯಾಧೀಶನನ್ನು ಕಾಪಾಡಲು ಕಟ್ಟಿದ ಗೋಡೆ ಈಗ ಪಕ್ಷದ ಕೃಪೆಯಿಂದ ನ್ಯಾಯಾಧೀಶನನ್ನು ಕಾಪಾಡಿತು. ಕೋಕ್‌ನ ಭಯ ಯಾವುದಿತ್ತೋ ಅದೇ ಬೇರೆ ಬಾಗಿಲಿನಿಂದ ಒಳಗೆ ಬಂತು. ಆಳುವವರ ಮೌನದಿಂದ ಸ್ಥಾನ ಉಳಿಸಿಕೊಂಡ ನ್ಯಾಯಮೂರ್ತಿಯ ಮುಂದೆ ಸರ್ಕಾರದ ವಿರುದ್ಧ ದಾವೆ ಹೂಡಿದ ಬಡ ಕಕ್ಷಿದಾರ ಯಾವ ಧೈರ್ಯದಿಂದ ನಿಲ್ಲಬೇಕು?

ಸಂಸತ್ತು ಬೇಡ, ಪೊಲೀಸರಿಗೆ ದೂರು ಕೊಟ್ಟರಾಯಿತಲ್ಲ ಎಂದು ಕೇಳಬಹುದು. ಅದಕ್ಕೂ ಒಂದು ಇತಿಹಾಸವಿದೆ. ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೆ. ವೀರಸ್ವಾಮಿ ಅವರ ಮೇಲೆ ಆದಾಯಕ್ಕಿಂತ ಹೆಚ್ಚು ಆಸ್ತಿಯ ಮೊಕದ್ದಮೆ 1976ರಲ್ಲಿ ದಾಖಲಾಯಿತು. (ಇವರ ಅಳಿಯನೇ ಮೇಲೆ ಹೇಳಿದ ರಾಮಸ್ವಾಮಿ ಎಂಬುದು ಕಾಕತಾಳೀಯ.) ಭ್ರಷ್ಟಾಚಾರ ತಡೆ ಕಾಯ್ದೆ ಹೈಕೋರ್ಟು, ಸುಪ್ರೀಂ ಕೋರ್ಟು ನ್ಯಾಯಮೂರ್ತಿಗಳಿಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯೊಂದೇ ಹದಿನೈದು ವರ್ಷ ತಿಂದಿತು. 1991ರ ಜುಲೈನಲ್ಲಿ ಐವರ ಪೀಠ ಬಹುಮತದಿಂದ ಅನ್ವಯಿಸುತ್ತದೆ ಎಂದಿತು. ಪ್ರಮುಖ ತೀರ್ಪು ಬರೆದವರು ನಮ್ಮ ಕೆ. ಜಗನ್ನಾಥ ಶೆಟ್ಟಿ, ಅವರ ಜೊತೆ ನಿಂತವರಲ್ಲಿ ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯ ಅವರೂ ಇದ್ದರು. ಆದರೆ ತೀರ್ಪಿನಲ್ಲಿ ಒಂದು ಷರತ್ತು ಇತ್ತು. ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕೇಳದೆ ಹಾಲಿ ನ್ಯಾಯಮೂರ್ತಿಯ ಮೇಲೆ ಪ್ರಕರಣ ದಾಖಲಿಸುವಂತಿಲ್ಲ. ಪೊಲೀಸರ ಕೈಗೆ ಕೋಲು ಕೊಟ್ಟರೆ ಸರ್ಕಾರ ಅದನ್ನು ಎತ್ತಿಕೊಳ್ಳುತ್ತದೆ ಎಂಬ ಅಳುಕು ಇಲ್ಲಿಯೂ ಕೆಲಸ ಮಾಡಿತ್ತು. ಅಳುಕು ಸುಳ್ಳಲ್ಲ. ಆದರೆ ಬಾಗಿಲಿಗೆ ಇನ್ನೊಂದು ಬೀಗ ಬಿತ್ತು.

ಹಾಗಾದರೆ ನ್ಯಾಯಾಂಗವೇ ತನ್ನ ಮನೆಯನ್ನು ಸರಿಪಡಿಸಿಕೊಳ್ಳಲಿ ಎಂಬ ದಾರಿ ಉಳಿಯಿತು. 1995ರಲ್ಲಿ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಭಟ್ಟಾಚಾರ್ಜಿ, ಪುಸ್ತಕಕ್ಕಾಗಿ ವಿದೇಶಿ ಪ್ರಕಾಶಕರಿಂದ ಬಂದ ದೊಡ್ಡ ಸಂಭಾವನೆಯ ವಿವಾದದಲ್ಲಿ ವಕೀಲರ ಪ್ರತಿಭಟನೆ ಎದುರಾಗಿ ರಾಜೀನಾಮೆ ಕೊಟ್ಟರು. ಆ ಸಂಬಂಧದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ವತಃ ಒಪ್ಪಿಕೊಂಡ ಮಾತು ಮುಖ್ಯವಾದದ್ದು: ಕೆಟ್ಟ ನಡತೆಗೂ ಪದಚ್ಯುತಿಗೆ ಅರ್ಹವಾದ ದುರ್ವರ್ತನೆಗೂ ನಡುವೆ ಒಂದು ಕಂದಕವಿದೆ, ಅದನ್ನು ತುಂಬುವ ಕಾನೂನು ಇಲ್ಲ. ತುಂಬಲೆಂದು 1999ರಲ್ಲಿ ‘ಆಂತರಿಕ ವಿಧಾನ’ ಜಾರಿಗೆ ತಂದರು. ದೂರಿನಲ್ಲಿ ಹುರುಳಿದ್ದರೆ ಮೂವರು ನ್ಯಾಯಮೂರ್ತಿಗಳ ಸಮಿತಿ ಗುಟ್ಟಾಗಿ ವಿಚಾರಿಸಿ ಮುಖ್ಯ ನ್ಯಾಯಮೂರ್ತಿಗೆ ವರದಿ ಕೊಡುತ್ತದೆ. ಅವರು ರಾಜೀನಾಮೆಗೆ ಸೂಚಿಸಬಹುದು, ಕೆಲಸ ಹಂಚದಿರಬಹುದು, ಎಚ್ಚರಿಕೆ ಹೇಳಬಹುದು.

ಗುಟ್ಟು ಎಂಬುದೇ ಇದರ ದೌರ್ಬಲ್ಯ. ಕರ್ನಾಟಕದ ಓದುಗರಿಗೆ 2002ರ ಕೊನೆಯ ದಿನಗಳು ನೆನಪಿರಬಹುದು. ನಮ್ಮ ಹೈಕೋರ್ಟಿನ ಕೆಲವು ನ್ಯಾಯಮೂರ್ತಿಗಳ ಬಗ್ಗೆ ಮೈಸೂರಿನ ಕಡೆಯಿಂದ ಬಂದ ವರದಿಗಳು ಪತ್ರಿಕೆಗಳನ್ನು ತುಂಬಿದವು. ಆಂತರಿಕ ಸಮಿತಿ ವಿಚಾರಣೆ ನಡೆಸಿತು. ಆರೋಪಕ್ಕೆ ಆಧಾರವಿಲ್ಲ ಎಂದು ಸಮಿತಿ ಹೇಳಿದೆಯೆಂಬ ಸುದ್ದಿಯೂ ಬಂತು. ಆದರೆ ವರದಿ ಮಾತ್ರ ಬರಲಿಲ್ಲ. ಅದನ್ನು ಪ್ರಕಟಿಸಬೇಕೆಂದು ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಹಾಕಿದ ಅರ್ಜಿಯನ್ನು 2003ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಇಂಥ ವರದಿ ಮುಖ್ಯ ನ್ಯಾಯಮೂರ್ತಿಯ ಮಾಹಿತಿಗೆ ಮಾತ್ರ ಎಂದಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರ ಬಾಯಿ ಮುಚ್ಚಿಸಲು ಇದ್ದ ಒಂದೇ ಸಾಧನವಾದ ಆ ವರದಿ ಬೀರುವಿನಲ್ಲಿ ಉಳಿಯಿತು. ಗುಟ್ಟು ತಪ್ಪಿತಸ್ಥನನ್ನು ಕಾಪಾಡುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ನಿರಪರಾಧಿಯ ಹೆಸರನ್ನೂ ಅದು ತೊಳೆಯಗೊಡುವುದಿಲ್ಲ ಎಂಬುದನ್ನು ಹೆಚ್ಚು ಜನ ಹೇಳುವುದಿಲ್ಲ.

ಬೆಂಗಳೂರು ಇನ್ನೊಮ್ಮೆ ಈ ಕಥೆಯ ರಂಗಸ್ಥಳವಾಯಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಅವರ ಹೆಸರನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿದ ಬೆನ್ನಿಗೇ ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂ ಗ್ರಾಮದಲ್ಲಿ ಸರ್ಕಾರಿ ಜಮೀನು ಒತ್ತುವರಿಯ ಆರೋಪ ಕೇಳಿಬಂತು. ಅವರು ಅದನ್ನು ನಿರಾಕರಿಸಿದರು. ವಕೀಲರು ಎರಡು ಬಣವಾದರು; ನವೆಂಬರ್‌ನಲ್ಲಿ ಬಹಿಷ್ಕಾರದ ಕರೆ ನ್ಯಾಯಾಲಯದ ಸಭಾಂಗಣದೊಳಗಿನ ಗದ್ದಲಕ್ಕೆ ತಿರುಗಿತು. ರಾಜ್ಯಸಭೆಯಲ್ಲಿ ಪದಚ್ಯುತಿಯ ಸೂಚನೆ ಸ್ವೀಕಾರವಾಗಿ ಸಮಿತಿ ರಚನೆಯಾಯಿತು. ಅಷ್ಟರಲ್ಲಿ, 2010ರಲ್ಲಿ, ಅವರನ್ನು ಸಿಕ್ಕಿಂ ಹೈಕೋರ್ಟಿಗೆ ವರ್ಗ ಮಾಡಲಾಯಿತು. ಬೆಂಗಳೂರಿನಲ್ಲಿ ಕೆಲಸ ಮಾಡಬಾರದವರು ಗ್ಯಾಂಗ್‌ಟಾಕ್‌ನಲ್ಲಿ ಮಾಡಬಹುದು ಎಂಬ ಈ ತರ್ಕಕ್ಕೆ ಸಿಕ್ಕಿಂನ ಜನ ಏನು ಹೇಳಿದರೋ! 2011ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು. ಹುದ್ದೆಯೇ ಇಲ್ಲದ ಮೇಲೆ ಪದಚ್ಯುತಿ ಯಾರದ್ದು? ವಿಚಾರಣೆ ಅಲ್ಲಿಗೆ ನಿಂತಿತು. ಜಮೀನು ಒತ್ತುವರಿಯಾಗಿತ್ತೇ, ಅಥವಾ ಒಬ್ಬ ನ್ಯಾಯಮೂರ್ತಿಯ ಹೆಸರನ್ನು ಸುಮ್ಮನೆ ಕೆಡಿಸಲಾಯಿತೇ ಎಂಬುದು ಆ ಸಮಿತಿಯಿಂದ ಇತ್ಯರ್ಥವಾಗಲೇ ಇಲ್ಲ.

ಅದೇ ವರ್ಷ ಕಲ್ಕತ್ತ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ಪ್ರಕರಣವೂ ಇದೇ ದಾರಿ ಹಿಡಿಯಿತು. ವಕೀಲರಾಗಿದ್ದಾಗ ಕೋರ್ಟ್ ರಿಸೀವರ್ ಆಗಿ ವಶಕ್ಕೆ ಪಡೆದ ಹಣವನ್ನು ದುರುಪಯೋಗ ಮಾಡಿದರು ಎಂಬುದು ಆರೋಪ. 2011ರ ಆಗಸ್ಟ್ 18ರಂದು ರಾಜ್ಯಸಭೆ 189 ಮತಗಳಿಂದ ಪದಚ್ಯುತಿಗೆ ಒಪ್ಪಿತು. ಒಂದು ಸದನ ಅಷ್ಟು ದೂರ ಹೋದದ್ದು ಅದೇ ಮೊದಲು. ಲೋಕಸಭೆಯಲ್ಲಿ ಚರ್ಚೆಗೆ ಬರಲು ಇನ್ನೇನು ಕೆಲವೇ ದಿನ ಇದ್ದಾಗ ಅವರು ರಾಜೀನಾಮೆ ಕೊಟ್ಟರು. ರಾಷ್ಟ್ರಪತಿಗೆ ತಮ್ಮ ಕೈಯಾರೆ ಸಹಿ ಮಾಡಿದ ಒಂದು ಕಾಗದ ಬರೆದರೆ ಸಾಕು. ಅದನ್ನು ಯಾರೂ ಅಂಗೀಕರಿಸಬೇಕಾಗಿಲ್ಲ. ಗುಮಾಸ್ತನೊಬ್ಬ ಇಲಾಖಾ ವಿಚಾರಣೆಯ ನಡುವೆ ರಾಜೀನಾಮೆ ಕೊಟ್ಟರೆ ಸರ್ಕಾರ ಅದನ್ನು ತಡೆಹಿಡಿಯಬಹುದು.

ಆಸ್ತಿ ಘೋಷಣೆಯ ಕಥೆ ಇಷ್ಟು ನಿರಾಶಾದಾಯಕವಲ್ಲ, ಆದರೆ ನಿಧಾನ. 1997ರ ಮೇ 7ರಂದು ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಸೇರಿ ‘ನ್ಯಾಯಿಕ ಜೀವನದ ಮೌಲ್ಯಗಳು’ ಎಂಬ ಹದಿನಾರು ಅಂಶಗಳ ಸಂಹಿತೆಯನ್ನು ಒಪ್ಪಿದರು. ತಮ್ಮ ಆಸ್ತಿಯ ವಿವರವನ್ನು ಮುಖ್ಯ ನ್ಯಾಯಮೂರ್ತಿಗೆ ಕೊಡಬೇಕೆಂದೂ ತೀರ್ಮಾನಿಸಿದರು. ಹಾಗೆ ಕೊಟ್ಟಿದ್ದಾರೆಯೇ ಎಂದಷ್ಟೇ ತಿಳಿಯಲು ದೆಹಲಿಯ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಅದು ಹೇಳಬಾರದ ಸಂಗತಿ ಎಂಬ ನಿಲುವು ಬಂತು. ಆಗ, 2009ರ ಆಗಸ್ಟ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್, ಎಲ್ಲ ನ್ಯಾಯಮೂರ್ತಿಗಳ ಪರವಾಗಿ ಮಾತನಾಡಲು ಭಾರತದ ಮುಖ್ಯ ನ್ಯಾಯಮೂರ್ತಿಗೆ ಅಧಿಕಾರವಿಲ್ಲ ಎಂದು ಬಹಿರಂಗವಾಗಿಯೇ ಬರೆದರು. ತಮ್ಮ ಆಸ್ತಿಯ ವಿವರವನ್ನು ಅಂತರ್ಜಾಲದಲ್ಲಿ ಹಾಕಿದರು. ಪೀಠದಲ್ಲಿ ಕುಳಿತಿರುವ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಹೀಗೆ ಹೊರಗೆ ಮಾತನಾಡುವುದು ಸರಿಯೇ ಎಂಬ ಚರ್ಚೆಯೂ ನಡೆಯಿತು. ಆದರೆ ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಸ್ವಇಚ್ಛೆಯಿಂದ ಆಸ್ತಿ ಪ್ರಕಟಿಸಲು ಒಪ್ಪಿದರು.

ಮಾಹಿತಿ ಹಕ್ಕಿನ ಮೊಕದ್ದಮೆ ಮಾತ್ರ ಮುಂದುವರಿಯಿತು. ದೆಹಲಿ ಹೈಕೋರ್ಟು 2009ರಲ್ಲೂ, ಪೂರ್ಣ ಪೀಠದ ಮೂಲಕ 2010ರ ಜನವರಿಯಲ್ಲೂ ಮುಖ್ಯ ನ್ಯಾಯಮೂರ್ತಿಯ ಕಚೇರಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಸುಪ್ರೀಂ ಕೋರ್ಟು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದು ಸುಪ್ರೀಂ ಕೋರ್ಟಿಗೆ! ಒಂಬತ್ತು ವರ್ಷಗಳ ನಂತರ, 2019ರ ನವೆಂಬರ್ 13ರಂದು, ಸಂವಿಧಾನ ಪೀಠ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. 2025ರ ಮೇ 5ರಂದು 33 ನ್ಯಾಯಮೂರ್ತಿಗಳ ಪೈಕಿ 21 ಮಂದಿಯ ಆಸ್ತಿ ವಿವರ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಪ್ರಕಟವಾಯಿತು. ಚುನಾವಣೆಗೆ ನಿಲ್ಲುವ ಪ್ರತಿ ಅಭ್ಯರ್ಥಿಯೂ ಆಸ್ತಿ ಘೋಷಿಸಬೇಕೆಂದು ಅದೇ ನ್ಯಾಯಾಲಯ ಆಜ್ಞೆ ಮಾಡಿದ್ದು 2002ರಲ್ಲಿ.

ಮೇ ತಿಂಗಳ ಈ ಪ್ರಕಟಣೆಗೆ ಹಿನ್ನೆಲೆಯಾದ ಘಟನೆ ಅದೇ ವರ್ಷದ ಮಾರ್ಚ್ 14ರ ರಾತ್ರಿಯದ್ದು. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ಸರ್ಕಾರಿ ನಿವಾಸದ ಉಗ್ರಾಣಕ್ಕೆ ಬೆಂಕಿ ಬಿತ್ತು. ಆರಿಸಲು ಹೋದವರಿಗೆ ಸುಟ್ಟ ನೋಟುಗಳು ಕಂಡವು ಎಂಬ ವರದಿ ಬಂತು. ಆ ಹಣಕ್ಕೂ ತಮಗೂ ಸಂಬಂಧವಿಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದರು. ಇಲ್ಲಿ ಒಂದು ಹೊಸತು ನಡೆಯಿತು. ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಮಾರ್ಚ್ 22ರಂದು ಮೂವರ ಆಂತರಿಕ ಸಮಿತಿ ನೇಮಿಸಿದ್ದಲ್ಲದೆ, ಪ್ರಾಥಮಿಕ ವರದಿಯನ್ನೂ ನ್ಯಾಯಮೂರ್ತಿಗಳ ಉತ್ತರವನ್ನೂ ಚಿತ್ರಗಳನ್ನೂ ಜಾಲತಾಣದಲ್ಲಿ ಹಾಕಿಸಿದರು. 2003ರಲ್ಲಿ ‘ಮುಖ್ಯ ನ್ಯಾಯಮೂರ್ತಿಯ ಮಾಹಿತಿಗೆ ಮಾತ್ರ’ ಎಂದಿದ್ದ ವ್ಯವಸ್ಥೆ ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ದೂರ ಬಂದಿತ್ತು. ಆ ಸಮಿತಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಅನು ಶಿವರಾಮನ್ ಇದ್ದರು. ಆಗಸ್ಟ್ 12ರಂದು ಲೋಕಸಭೆಯ ಸ್ಪೀಕರ್ ಓಂ ಬಿರ್ಲಾ ಪದಚ್ಯುತಿಯ ಸೂಚನೆಯನ್ನು ಸ್ವೀಕರಿಸಿ 1968ರ ಕಾಯ್ದೆಯಂತೆ ಸಮಿತಿ ರಚಿಸಿದಾಗ ಮೂವರಲ್ಲಿ ಇಬ್ಬರು ಕರ್ನಾಟಕದವರೇ ಆಗಿದ್ದರು: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅರವಿಂದ ಕುಮಾರ್ ಮತ್ತು ರಾಜ್ಯದ ಮಾಜಿ ಅಡ್ವೊಕೇಟ್ ಜನರಲ್ ಬಿ.ವಿ. ಆಚಾರ್ಯ.

ವ್ಯಕ್ತಿಗಳು ಬದಲಾದರು, ಮನೋಭಾವವೂ ಕೊಂಚ ಬದಲಾಯಿತು. ಕಾನೂನು ಮಾತ್ರ 1968ರದ್ದೇ. ನಡುವಿನ ಕಂದಕ ತುಂಬಲು ಒಂದು ಗಂಭೀರ ಪ್ರಯತ್ನ ನಡೆದದ್ದು ನಿಜ. ನ್ಯಾಯಿಕ ಮಾನದಂಡ ಮತ್ತು ಉತ್ತರದಾಯಿತ್ವ ಮಸೂದೆ 2010ರಲ್ಲಿ ಮಂಡನೆಯಾಗಿ 2012ರ ಮಾರ್ಚ್‌ನಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತು. ಸಾಮಾನ್ಯ ನಾಗರಿಕನೂ ನ್ಯಾಯಮೂರ್ತಿಯ ಮೇಲೆ ದೂರು ಕೊಡಲು ಅದರಲ್ಲಿ ಅವಕಾಶವಿತ್ತು. ಪದಚ್ಯುತಿಯವರೆಗೆ ಹೋಗದ ತಪ್ಪಿಗೆ ಎಚ್ಚರಿಕೆ ಕೊಡುವ ಏರ್ಪಾಡಿತ್ತು. ಹಾಗೆಯೇ ಸುಳ್ಳು ದೂರಿಗೆ ಶಿಕ್ಷೆಯೂ ಇತ್ತು. ಸರ್ಕಾರದ ಕೈ ಇದರಲ್ಲಿ ಎಷ್ಟು ಉದ್ದವಿರಬೇಕು ಎಂಬ ತಕರಾರು ಬಗೆಹರಿಯಲಿಲ್ಲ. 2014ರಲ್ಲಿ ಹದಿನೈದನೇ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ರಾಜ್ಯಸಭೆಯಲ್ಲೇ ಇತ್ತು. ಪದಚ್ಯುತಿಯ ಸೂಚನೆಗೆ 1991ರಲ್ಲಿ ಸಿಕ್ಕಿದ ದೀರ್ಘಾಯುಷ್ಯ ಮಸೂದೆಗಳಿಗೆ ಇರುವುದಿಲ್ಲ. ಅದು ಸದನದ ಜೊತೆಗೇ ಹೋಯಿತು.